ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಧ್ಯಯನ ಕ್ರಮ

ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಧ್ಯಯನ ಕ್ರಮ ಎಂದರೆ ಭಾರತದಲ್ಲಿ ಎಂಬಿಬಿಎಸ್, ದಂತ ವೈದ್ಯಕೀಯ ಮತ್ತು ಆಯುಷ್ ಪದವಿಗಳ ಪ್ರವೇಶಕ್ಕಾಗಿ ನಡೆಯುವ ರಾಷ್ಟ್ರೀಯ ಅರ್ಹತಾ ಮತ್ತು ಪ್ರವೇಶ ಪರೀಕ್ಷೆಯಲ್ಲಿ (ನೀಟ್-ಯುಜಿ) ಉತ್ತಮ ಅಂಕ ಪಡೆಯಲು ವಿದ್ಯಾರ್ಥಿಗಳು ಅನುಸರಿಸುವ ಓದು, ಪುನರಾವರ್ತನೆ ಮತ್ತು ಅಭ್ಯಾಸದ ವಿಧಾನಗಳು. ಪಠ್ಯಪುಸ್ತಕದ ನಿಕಟ ಓದು, ಅಂತರ ಬಿಟ್ಟು ಮಾಡುವ ಪುನರಾವರ್ತನೆ, ಸ್ವಯಂ ಪರೀಕ್ಷೆ, ಮಾದರಿ ಪ್ರಶ್ನೆಪತ್ರಿಕೆಗಳ ಅಭ್ಯಾಸ ಹಾಗೂ ತಪ್ಪುಗಳ ವಿಶ್ಲೇಷಣೆ ಇವುಗಳಲ್ಲಿ ಮುಖ್ಯವಾದವು. ಕರ್ನಾಟಕದಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಪೂರ್ವ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ಭಾಷೆಯ ಬದಲಾವಣೆಯೂ ಈ ಸಿದ್ಧತೆಯ ಒಂದು ಭಾಗವಾಗಿದೆ. ಈ ಲೇಖನವು ಕರ್ನಾಟಕದ, ವಿಶೇಷವಾಗಿ ಹುಬ್ಬಳ್ಳಿ-ಧಾರವಾಡ ಪ್ರದೇಶದ ಸಂದರ್ಭದಲ್ಲಿ ಈ ಕ್ರಮವನ್ನು ವಿವರಿಸುತ್ತದೆ.

ಹಿನ್ನೆಲೆ

ಕರ್ನಾಟಕದಲ್ಲಿ ವೃತ್ತಿಶಿಕ್ಷಣ ಕೋರ್ಸುಗಳ ಪ್ರವೇಶಕ್ಕಾಗಿ ಸಾಮಾನ್ಯ ಪ್ರವೇಶ ಪರೀಕ್ಷೆ (ಸಿಇಟಿ) ನಡೆಸಲು 1994ರಲ್ಲಿ ಸಿಇಟಿ ಘಟಕವನ್ನು ಸ್ಥಾಪಿಸಲಾಯಿತು. ಮುಂದೆ ಇದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಎಂಬ ಹೆಸರು ಪಡೆಯಿತು. ರಾಷ್ಟ್ರಮಟ್ಟದ ನೀಟ್ ಮೊದಲ ಬಾರಿಗೆ 2013ರ ಮೇ 5ರಂದು ನಡೆಯಿತು. ಅದೇ ವರ್ಷದ ಜುಲೈ 18ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ರದ್ದುಗೊಳಿಸಿತು. 2016ರ ಏಪ್ರಿಲ್ 11ರಂದು ಆ ತೀರ್ಪನ್ನು ಹಿಂತೆಗೆದುಕೊಂಡ ಬಳಿಕ ಪರೀಕ್ಷೆ ಮರಳಿ ಜಾರಿಗೆ ಬಂದಿತು. 2016ರಲ್ಲಿ ರಾಜ್ಯ ಸರ್ಕಾರಗಳ ಪಾಲಿನ ಸೀಟುಗಳಿಗೆ ವಿನಾಯಿತಿ ಇದ್ದುದರಿಂದ ಕರ್ನಾಟಕದ ಸರ್ಕಾರಿ ಸೀಟುಗಳು ಸಿಇಟಿ ರ್‍ಯಾಂಕಿನ ಮೇಲೆಯೇ ಹಂಚಿಕೆಯಾದವು. 2017ರಿಂದ ರಾಜ್ಯದ ವೈದ್ಯಕೀಯ ಮತ್ತು ದಂತ ವೈದ್ಯಕೀಯ ಸೀಟುಗಳಿಗೆ ನೀಟ್ ಅಂಕವೇ ಆಧಾರವಾಗಿದೆ. ಆರಂಭದಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಯನ್ನು 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುತ್ತಿದೆ.

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ; ನೀಟ್‌ನಲ್ಲಿ ಇದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೂ ಪ್ರತ್ಯೇಕ ಅವಧಿ ಇರುತ್ತದೆ. ನೀಟ್‌ನಲ್ಲಿ ಮೂರೂ ವಿಷಯಗಳನ್ನು ಒಂದೇ ಅವಧಿಯಲ್ಲಿ ಬರೆಯಬೇಕು. ಆದ್ದರಿಂದ ಸಿಇಟಿಗಾಗಿ ರೂಢಿಯಾಗಿದ್ದ ಓದಿನ ಕ್ರಮಕ್ಕೆ ಸಮಯದ ವಿಂಗಡಣೆ ಮತ್ತು ಪ್ರಶ್ನೆ ಬಿಡುವ ವಿವೇಚನೆ ಎಂಬ ಎರಡು ಹೊಸ ಅಂಶಗಳು ಸೇರಿಕೊಂಡವು.

ಪರೀಕ್ಷೆಯ ಸ್ವರೂಪ

2025ರ ಮಾದರಿಯಂತೆ ಪ್ರಶ್ನೆಪತ್ರಿಕೆಯಲ್ಲಿ 180 ಬಹು ಆಯ್ಕೆಯ ಪ್ರಶ್ನೆಗಳಿದ್ದು, ಅವಧಿ 180 ನಿಮಿಷ ಮತ್ತು ಒಟ್ಟು ಅಂಕ 720.

- ಭೌತಶಾಸ್ತ್ರ: 45 ಪ್ರಶ್ನೆಗಳು, 180 ಅಂಕ
- ರಸಾಯನಶಾಸ್ತ್ರ: 45 ಪ್ರಶ್ನೆಗಳು, 180 ಅಂಕ
- ಜೀವಶಾಸ್ತ್ರ (ಸಸ್ಯಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ): 90 ಪ್ರಶ್ನೆಗಳು, 360 ಅಂಕ

ಸರಿಯುತ್ತರಕ್ಕೆ 4 ಅಂಕ ದೊರೆಯುತ್ತದೆ, ತಪ್ಪು ಉತ್ತರಕ್ಕೆ 1 ಅಂಕ ಕಳೆಯಲಾಗುತ್ತದೆ, ಉತ್ತರಿಸದ ಪ್ರಶ್ನೆಗೆ ಅಂಕವಿಲ್ಲ. 2021ರಿಂದ 2024ರವರೆಗೆ 200 ಪ್ರಶ್ನೆಗಳನ್ನು ಕೊಟ್ಟು 180ಕ್ಕೆ ಉತ್ತರಿಸುವ ಆಯ್ಕೆ ನೀಡಲಾಗಿತ್ತು. 2022ರಿಂದ 2024ರವರೆಗೆ ಅವಧಿ 3 ಗಂಟೆ 20 ನಿಮಿಷ ಇತ್ತು. 2025ರಲ್ಲಿ ಆಯ್ಕೆಯೂ ಹೆಚ್ಚುವರಿ ಸಮಯವೂ ರದ್ದಾದವು. ಹೀಗಾಗಿ ಆ ನಾಲ್ಕು ವರ್ಷಗಳ ಹಳೆಯ ಪ್ರಶ್ನೆಪತ್ರಿಕೆಗಳನ್ನು ಅಭ್ಯಾಸಕ್ಕೆ ಬಳಸುವವರು ಸಮಯವನ್ನು ಹೊಸ ಲೆಕ್ಕಕ್ಕೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಇಬ್ಬರು ಅಭ್ಯರ್ಥಿಗಳ ಒಟ್ಟು ಅಂಕ ಸಮನಾದಾಗ ಮೊದಲು ಜೀವಶಾಸ್ತ್ರದ, ನಂತರ ರಸಾಯನಶಾಸ್ತ್ರದ, ಆನಂತರ ಭೌತಶಾಸ್ತ್ರದ ಅಂಕಗಳನ್ನು ಪರಿಗಣಿಸಲಾಗುತ್ತದೆ. ಒಟ್ಟು ಅಂಕಗಳ ಅರ್ಧಭಾಗವೂ ಸಮಾಂಕದ ಮೊದಲ ನಿರ್ಣಯವೂ ಜೀವಶಾಸ್ತ್ರದ್ದಾಗಿರುವುದರಿಂದ ಸಿದ್ಧತೆಯಲ್ಲಿ ಅದಕ್ಕೆ ಪ್ರಥಮ ಸ್ಥಾನ ಕೊಡುವುದು ವಾಡಿಕೆ.

ಅಧ್ಯಯನ ಸಾಮಗ್ರಿ

ಪಠ್ಯಪುಸ್ತಕ

ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳೇ ಈ ಪರೀಕ್ಷೆಯ ಮುಖ್ಯ ಆಕರ. ಕರ್ನಾಟಕದ ಪದವಿಪೂರ್ವ ವಿಜ್ಞಾನ ವಿಭಾಗವೂ ಎನ್‌ಸಿಇಆರ್‌ಟಿ ಪಠ್ಯಕ್ರಮವನ್ನೇ ಅಳವಡಿಸಿಕೊಂಡಿದೆ. ಆದ್ದರಿಂದ ಪಿಯುಸಿ ಓದು ಮತ್ತು ನೀಟ್ ಓದು ಬೇರೆ ಬೇರೆ ಎಂಬ ಭಾವನೆಗೆ ಹೆಚ್ಚಿನ ಆಧಾರವಿಲ್ಲ. ವಿಷಯ ಒಂದೇ, ಒಂದರಲ್ಲಿ ಉತ್ತರವನ್ನು ವಿವರಿಸಿ ಬರೆಯಬೇಕು, ಇನ್ನೊಂದರಲ್ಲಿ ನಾಲ್ಕು ಆಯ್ಕೆಗಳಲ್ಲಿ ಗುರುತಿಸಬೇಕು. ವಿವರಿಸಿ ಬರೆಯಬಲ್ಲವನಿಗೆ ಗುರುತಿಸುವುದು ಸುಲಭವಾಗುತ್ತದೆ. ಗುರುತಿಸುವುದನ್ನಷ್ಟೇ ಕಲಿತವನಿಗೆ ಪ್ರಶ್ನೆಯ ರೂಪ ಬದಲಾದಾಗ ತೊಡಕಾಗುತ್ತದೆ.

ಅಧಿಕೃತ ಪಠ್ಯವಸ್ತು

ಪರೀಕ್ಷೆಯ ಪಠ್ಯವಸ್ತುವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಪ್ರಕಟಿಸುತ್ತದೆ. 2024ರ ಪರೀಕ್ಷೆಗಾಗಿ ಇದನ್ನು ಪರಿಷ್ಕರಿಸಲಾಯಿತು. ಇದರಲ್ಲಿ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಕ್ಕೆ ತಲಾ 20 ಘಟಕಗಳೂ ಜೀವಶಾಸ್ತ್ರಕ್ಕೆ 10 ಘಟಕಗಳೂ ಇವೆ. ಪಠ್ಯಪುಸ್ತಕಗಳನ್ನು ಎನ್‌ಸಿಇಆರ್‌ಟಿ ಪ್ರತ್ಯೇಕವಾಗಿ ಮೊಟಕುಗೊಳಿಸಿರುವುದರಿಂದ ಎರಡೂ ಪೂರ್ತಿಯಾಗಿ ತಾಳೆಯಾಗುವುದಿಲ್ಲ. ಉದಾಹರಣೆಗೆ, ಹನ್ನೊಂದನೆಯ ತರಗತಿಯ ಪರಿಷ್ಕೃತ ಪುಸ್ತಕದಲ್ಲಿ ಸೋಲನೇಸಿ ಎಂಬ ಒಂದೇ ಸಸ್ಯ ಕುಟುಂಬದ ವಿವರ ಉಳಿದಿದ್ದರೆ, ಆಯೋಗದ ಪಟ್ಟಿಯಲ್ಲಿ ಮಾಲ್ವೇಸಿ, ಕ್ರುಸಿಫೆರೆ, ಲೆಗ್ಯುಮಿನೋಸಿ, ಕಂಪೋಸಿಟೆ ಮತ್ತು ಗ್ರಾಮಿನೆ ಕುಟುಂಬಗಳ ಹೆಸರಿದೆ. ಆದುದರಿಂದ ಓದು ಆರಂಭಿಸುವ ಮೊದಲು ಆಯೋಗದ ಪಟ್ಟಿಯನ್ನು ಮುದ್ರಿಸಿಕೊಂಡು, ಪುಸ್ತಕದಲ್ಲಿ ಇಲ್ಲದ ಅಂಶಗಳನ್ನು ಗುರುತು ಹಾಕಿಕೊಳ್ಳುವುದು ಮೊದಲ ಹೆಜ್ಜೆಯಾಗಿದೆ.

ಉಚಿತ ಸಾಮಗ್ರಿ

ಎನ್‌ಸಿಇಆರ್‌ಟಿ ಪ್ರಕಟಿಸಿರುವ ‘ಎಕ್ಸೆಂಪ್ಲರ್’ ಸಮಸ್ಯಾ ಪುಸ್ತಕಗಳು, ಎನ್‌ಟಿಎ ಪ್ರಕಟಿಸುವ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, 2020ರಲ್ಲಿ ಬಿಡುಗಡೆಯಾದ ‘ನ್ಯಾಷನಲ್ ಟೆಸ್ಟ್ ಅಭ್ಯಾಸ್’ ಆ್ಯಪ್ ಹಾಗೂ ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಕಾನ್ಪುರದ ಐಐಟಿ ಸೇರಿ 2023ರಲ್ಲಿ ಆರಂಭಿಸಿದ ‘ಸಾಥಿ’ ಜಾಲತಾಣ ಉಚಿತವಾಗಿ ಸಿಗುವ ಸಾಮಗ್ರಿಗಳಲ್ಲಿ ಸೇರಿವೆ. ಕರ್ನಾಟಕ ಸರ್ಕಾರವು 2020ರಲ್ಲಿ ‘ಗೆಟ್‌ಸಿಇಟಿಗೋ’ ಎಂಬ ಉಚಿತ ಆನ್‌ಲೈನ್ ತರಬೇತಿಯನ್ನು ಆರಂಭಿಸಿತ್ತು.

ಹಲವು ಪುಸ್ತಕಗಳನ್ನು ಒಂದೊಂದು ಸಲ ಓದುವುದಕ್ಕಿಂತ ಕೆಲವೇ ಪುಸ್ತಕಗಳನ್ನು ಹಲವು ಸಲ ಓದುವುದು ಈ ಪರೀಕ್ಷೆಗೆ ಹೆಚ್ಚು ಪ್ರಯೋಜನಕಾರಿ. ಪ್ರತಿ ವಿಷಯಕ್ಕೆ ಪಠ್ಯಪುಸ್ತಕ, ಒಂದು ಪ್ರಶ್ನಾಕೋಶ ಮತ್ತು ಹಳೆಯ ಪ್ರಶ್ನೆಪತ್ರಿಕೆಗಳು ಇದ್ದರೆ ಸಾಕಾಗುತ್ತದೆ.

ಓದುವ ಮತ್ತು ನೆನಪಿಡುವ ವಿಧಾನಗಳು

ಅಂತರದ ಪುನರಾವರ್ತನೆ

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲಿತದ್ದರ ಬಹುಭಾಗ ಆರಂಭದ ಅವಧಿಯಲ್ಲಿಯೇ ವೇಗವಾಗಿ ಮರೆತುಹೋಗುತ್ತದೆ ಮತ್ತು ಆನಂತರ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿದರು. ಒಂದೇ ದಿನ ಹಲವು ಬಾರಿ ಓದುವುದಕ್ಕಿಂತ ಅದೇ ಸಮಯವನ್ನು ಹಲವು ದಿನಗಳಿಗೆ ಹಂಚಿ ಓದಿದರೆ ವಿಷಯ ಹೆಚ್ಚು ಕಾಲ ಉಳಿಯುತ್ತದೆ. ಒಂದು ಅಧ್ಯಾಯವನ್ನು ಓದಿದ ಮರುದಿನ, ಅನಂತರ ಮೂರನೆಯ ದಿನ, ಒಂದು ವಾರ, ಮೂರು ವಾರ ಹಾಗೂ ಎರಡು ತಿಂಗಳ ಅಂತರದಲ್ಲಿ ಮರಳಿ ನೋಡುವುದು ರೂಢಿಯಲ್ಲಿರುವ ಒಂದು ವಿಧಾನ. ಪರೀಕ್ಷೆ ಎಷ್ಟು ದೂರವಿದೆಯೋ ಅಷ್ಟು ದೀರ್ಘವಾದ ಅಂತರಗಳು ಉಪಯುಕ್ತವಾಗುತ್ತವೆ.

ಸ್ವಯಂ ಪರೀಕ್ಷೆ

ಅಮೆರಿಕದ ಸಂಶೋಧಕರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಬೇರೆಯವರು ಒಮ್ಮೆ ಓದಿ ಅದನ್ನು ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರದ ಪರೀಕ್ಷೆಯಲ್ಲಿ ನೆನಪಿನಿಂದ ಬರೆದವರು ಮುಂದಿದ್ದರು. ಮತ್ತೆ ಮತ್ತೆ ಓದಿದಾಗ ಉಂಟಾಗುವ ‘ಎಲ್ಲವೂ ಗೊತ್ತಿದೆ’ ಎಂಬ ಭಾವನೆ ನಂಬಲರ್ಹವಲ್ಲ ಎಂಬುದನ್ನು ಇದು ಸೂಚಿಸುತ್ತದೆ. ಕಲಿಕೆಯ ಹತ್ತು ವಿಧಾನಗಳನ್ನು ಪರಿಶೀಲಿಸಿ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ವಿಮರ್ಶೆಯೂ ಸ್ವಯಂ ಪರೀಕ್ಷೆ ಹಾಗೂ ಅಂತರದ ಅಭ್ಯಾಸಕ್ಕೆ ಅತ್ಯುನ್ನತ ಸ್ಥಾನ ಕೊಟ್ಟು, ಸಾಲುಗಳಿಗೆ ಬಣ್ಣ ಹಚ್ಚುವುದು ಹಾಗೂ ಮರು ಓದನ್ನು ಕೆಳಗಿನ ಸ್ಥಾನದಲ್ಲಿಟ್ಟಿತು.

ಇದನ್ನು ಆಚರಣೆಗೆ ತರುವ ಸರಳ ಉಪಾಯವೆಂದರೆ, ಒಂದು ಭಾಗವನ್ನು ಓದಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟನ್ನು ಬರೆದು, ಬಳಿಕ ಪುಸ್ತಕದೊಂದಿಗೆ ಹೋಲಿಸಿ ಬಿಟ್ಟುಹೋದುದನ್ನು ಕೆಂಪು ಶಾಯಿಯಲ್ಲಿ ಸೇರಿಸುವುದು. ಮುಂದಿನ ಪುನರಾವರ್ತನೆಯಲ್ಲಿ ಕೆಂಪು ಸಾಲುಗಳನ್ನು ಮೊದಲು ನೋಡಲಾಗುತ್ತದೆ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ ಬರೆದ ಚಿಕ್ಕ ಕಾರ್ಡುಗಳನ್ನೂ ಬಳಸಬಹುದು.

ವಿಷಯಗಳ ಮಿಶ್ರಣ

ಒಂದೇ ಬಗೆಯ ಐವತ್ತು ಲೆಕ್ಕಗಳನ್ನು ಒಟ್ಟಿಗೆ ಮಾಡಿದಾಗ ಯಾವ ಸೂತ್ರ ಬಳಸಬೇಕೆಂಬುದು ಮೊದಲೇ ತಿಳಿದಿರುತ್ತದೆ. ಪರೀಕ್ಷೆಯಲ್ಲಿ ಆ ಸುಳಿವು ಇರುವುದಿಲ್ಲ. ಹೀಗಾಗಿ ಅಧ್ಯಾಯವಾರು ಅಭ್ಯಾಸ ಮುಗಿದ ಬಳಿಕ ಹಲವು ಅಧ್ಯಾಯಗಳ ಲೆಕ್ಕಗಳನ್ನು ಬೆರೆಸಿ ಬಿಡಿಸುವುದು ಅಗತ್ಯ.

ವಿಷಯವಾರು ಕ್ರಮ

ಜೀವಶಾಸ್ತ್ರ

ಜೀವಶಾಸ್ತ್ರದ ಪ್ರಶ್ನೆಗಳು ಬಹುಮಟ್ಟಿಗೆ ಪಠ್ಯಪುಸ್ತಕದ ವಾಕ್ಯ, ಚಿತ್ರ, ಕೋಷ್ಟಕ ಮತ್ತು ಚಿತ್ರದ ಕೆಳಗಿನ ವಿವರಣೆಗಳಿಂದಲೇ ರೂಪುಗೊಳ್ಳುತ್ತವೆ. ಹೇಳಿಕೆಗಳ ಸತ್ಯಾಸತ್ಯತೆ, ಹೊಂದಿಸಿ ಬರೆಯುವುದು, ಪ್ರತಿಪಾದನೆ ಮತ್ತು ಕಾರಣ ಇವು ಸಾಮಾನ್ಯ ರೂಪಗಳು. ಮಾನವ ಶರೀರಕ್ರಿಯೆ, ಸಂತಾನೋತ್ಪತ್ತಿ, ಅನುವಂಶೀಯತೆ, ಜೀವಕೋಶ, ಸಸ್ಯ ಶರೀರಕ್ರಿಯೆ, ಪರಿಸರ ಮತ್ತು ಜೈವಿಕ ತಂತ್ರಜ್ಞಾನ ಪ್ರಮುಖ ಘಟಕಗಳು. ಚಿತ್ರವನ್ನು ಹೆಸರುಗಳಿಲ್ಲದೆ ಬರೆದು, ಭಾಗಗಳನ್ನು ನೆನಪಿನಿಂದ ಗುರುತಿಸುವುದು ಇಲ್ಲಿ ಪರಿಣಾಮಕಾರಿ. ವಂಶವಾಹಿ ವಿಷಯದ ಲೆಕ್ಕಗಳನ್ನು ಬಿಡಿಸಿಯೇ ಕಲಿಯಬೇಕು.

ರಸಾಯನಶಾಸ್ತ್ರ

ರಸಾಯನಶಾಸ್ತ್ರದ ಮೂರು ಶಾಖೆಗಳಿಗೆ ಮೂರು ಬಗೆಯ ಓದು ಬೇಕಾಗುತ್ತದೆ. ಭೌತ ರಸಾಯನದಲ್ಲಿ ಮೋಲ್ ಪರಿಕಲ್ಪನೆ ತಳಪಾಯವಾಗಿದ್ದು, ದ್ರಾವಣ, ಸಮತೋಲ, ವಿದ್ಯುತ್ ರಸಾಯನ ಮತ್ತು ಕ್ರಿಯಾವೇಗದ ಲೆಕ್ಕಗಳು ಅದನ್ನು ಅವಲಂಬಿಸಿವೆ. ಸಾವಯವ ರಸಾಯನದಲ್ಲಿ ಎಲೆಕ್ಟ್ರಾನುಗಳ ಚಲನೆಯನ್ನು ಅರಿತರೆ ಬಹಳಷ್ಟು ಕ್ರಿಯೆಗಳನ್ನು ಕಂಠಪಾಠವಿಲ್ಲದೆ ಊಹಿಸಬಹುದು. ಹೆಸರಾಂತ ಕ್ರಿಯೆಗಳನ್ನು ಮಾತ್ರ ಪಟ್ಟಿ ಮಾಡಿ ನೆನಪಿಡಬೇಕಾಗುತ್ತದೆ. ಅಸಾವಯವ ರಸಾಯನದಲ್ಲಿ ಆವರ್ತ ಕೋಷ್ಟಕದ ಪ್ರವೃತ್ತಿಗಳು, ರಾಸಾಯನಿಕ ಬಂಧ ಹಾಗೂ ಸಮನ್ವಯ ಸಂಯುಕ್ತಗಳು ಮುಖ್ಯ. ಪ್ರವೃತ್ತಿಗಿಂತ ಭಿನ್ನವಾಗಿ ವರ್ತಿಸುವ ಧಾತುಗಳು ಪ್ರಶ್ನೆಗೆ ಹೆಚ್ಚಾಗಿ ಬರುತ್ತವೆ.

ಭೌತಶಾಸ್ತ್ರ

ಹೆಚ್ಚಿನ ಅಭ್ಯರ್ಥಿಗಳು ಕಷ್ಟವೆಂದು ಭಾವಿಸುವ ವಿಷಯ ಭೌತಶಾಸ್ತ್ರ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಳಕೆಗೆ ಅವಕಾಶವಿಲ್ಲ. ಆದ್ದರಿಂದ ಭಿನ್ನರಾಶಿ, ಘಾತಾಂಕ, ವರ್ಗಮೂಲ ಮತ್ತು ಅಂದಾಜು ಲೆಕ್ಕದ ರೂಢಿ ಅವಶ್ಯ. ಎರಡರ ವರ್ಗಮೂಲ 1.414, ಮೂರರ ವರ್ಗಮೂಲ 1.732, ಪೈ ವರ್ಗ ಸುಮಾರು 10 ಎಂಬಂಥ ಬೆಲೆಗಳು ನಾಲಿಗೆಯ ತುದಿಯಲ್ಲಿರಬೇಕು. ಪ್ರತಿ ಸೂತ್ರದೊಂದಿಗೆ ಅದು ಯಾವ ಸನ್ನಿವೇಶದಲ್ಲಿ ಅನ್ವಯಿಸುತ್ತದೆ ಎಂಬುದನ್ನೂ ಬರೆದುಕೊಳ್ಳುವುದು ಉಪಯುಕ್ತ. ಸಮ ವೇಗೋತ್ಕರ್ಷದ ಸಮೀಕರಣಗಳನ್ನು ವೇಗೋತ್ಕರ್ಷ ಬದಲಾಗುವ ಕಡೆ ಬಳಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಆಯ್ಕೆಗಳ ಮಾನಗಳನ್ನು ಪರಿಶೀಲಿಸಿದರೆ ಒಂದೆರಡು ಆಯ್ಕೆಗಳನ್ನು ಲೆಕ್ಕವಿಲ್ಲದೆಯೇ ತಳ್ಳಿಹಾಕಬಹುದು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು

2017ರಿಂದ ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ಲಭ್ಯವಿದೆ. ಈಗ ಪರೀಕ್ಷೆ ಒಟ್ಟು 13 ಭಾಷೆಗಳಲ್ಲಿ ನಡೆಯುತ್ತದೆ. ಕನ್ನಡ ಆಯ್ದುಕೊಂಡವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪುಸ್ತಿಕೆ ದೊರೆಯುತ್ತದೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಭಾಷೆಯನ್ನು ಅರ್ಜಿ ಸಲ್ಲಿಸುವಾಗಲೇ ಆಯ್ದುಕೊಳ್ಳಬೇಕು. ಪದವಿಪೂರ್ವ ತರಗತಿಗಳ ಪಾಠ ಮತ್ತು ಪುಸ್ತಕ ಬಹುತೇಕ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಪುಸ್ತಿಕೆಯನ್ನು ಆಯ್ದುಕೊಳ್ಳುವವರ ಸಂಖ್ಯೆ ಕಡಿಮೆ.

ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಪ್ರಥಮ ಪಿಯುಸಿಯ ಮೊದಲ ತಿಂಗಳುಗಳು ಕಠಿಣವಾಗಿರುತ್ತವೆ. ತಿಳಿದಿರುವ ವಿಷಯವೇ ಅಪರಿಚಿತ ಹೆಸರಿನಲ್ಲಿ ಎದುರಾಗುವುದರಿಂದ ವಿಷಯವೇ ತಿಳಿಯದು ಎಂಬ ಭ್ರಮೆ ಹುಟ್ಟುತ್ತದೆ. ಇದನ್ನು ನಿವಾರಿಸಲು ಮೂರು ಕ್ರಮಗಳು ನೆರವಾಗುತ್ತವೆ.

- ಜೋಡಿ ಪದಕೋಶ: ಹತ್ತನೆಯ ತರಗತಿಯ ಕನ್ನಡ ಪದಗಳ ಎದುರು ಇಂಗ್ಲಿಷ್ ಪದ ಬರೆದ ನೋಟ್‌ಬುಕ್. ದ್ಯುತಿಸಂಶ್ಲೇಷಣೆ – ಫೋಟೋಸಿಂಥೆಸಿಸ್, ವರ್ಣತಂತು – ಕ್ರೋಮೋಸೋಮ್, ಪತ್ರರಂಧ್ರ – ಸ್ಟೊಮಾಟಾ, ಸಂವೇಗ – ಮೊಮೆಂಟಮ್, ಜಡತ್ವ – ಇನರ್ಷಿಯಾ, ಉತ್ಕರ್ಷಣ – ಆಕ್ಸಿಡೇಷನ್ ಇತ್ಯಾದಿ.
- ಮೂಲಧಾತುಗಳ ಪರಿಚಯ: ವೈಜ್ಞಾನಿಕ ಪದಗಳು ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳಿಂದ ಬಂದಿವೆ. ‘ಗ್ಲೈಕೊ’ ಎಂದರೆ ಸಿಹಿ, ‘ಲೈಸಿಸ್’ ಎಂದರೆ ಒಡೆಯುವಿಕೆ ಎಂದು ತಿಳಿದರೆ ಗ್ಲೈಕೊಲೈಸಿಸ್ ಎಂಬುದು ಸಕ್ಕರೆಯ ವಿಭಜನೆ ಎಂಬುದು ತಾನಾಗಿಯೇ ಹೊಳೆಯುತ್ತದೆ. ‘ನೆಫ್ರೋಸ್’ ಎಂದರೆ ಮೂತ್ರಪಿಂಡ, ಅದರಿಂದ ನೆಫ್ರಾನ್.
- ಪ್ರಶ್ನೆಯ ಭಾಷೆ: ‘ಇನ್‌ಕರೆಕ್ಟ್’, ‘ನಾಟ್’, ‘ಎಕ್ಸೆಪ್ಟ್’ ಎಂಬ ಪದಗಳು ಪ್ರಶ್ನೆಯ ಅರ್ಥವನ್ನು ತಿರುಗಿಸುತ್ತವೆ. ಇವುಗಳಿಗೆ ಅಡಿಗೆರೆ ಹಾಕಿ ಓದುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬೆಳೆಸಿಕೊಳ್ಳಬೇಕು.

ವಿಷಯವನ್ನು ಮೊದಲು ಕನ್ನಡದಲ್ಲಿ ವಿವರಿಸಿಕೊಂಡು ಅರ್ಥಮಾಡಿಕೊಳ್ಳುವುದರಲ್ಲಿ ಯಾವ ಹಿನ್ನಡೆಯೂ ಇಲ್ಲ. ಅರ್ಥವಾದ ಮೇಲೆ ಹೆಸರು ಬದಲಾಯಿಸುವುದು ಸುಲಭ; ಅರ್ಥವಾಗದೆ ಉರು ಹೊಡೆದ ಇಂಗ್ಲಿಷ್ ವಾಕ್ಯ ಪರೀಕ್ಷೆಯಲ್ಲಿ ನೆರವಿಗೆ ಬರುವುದಿಲ್ಲ.

ಮಾದರಿ ಪರೀಕ್ಷೆ ಮತ್ತು ತಪ್ಪುಗಳ ವಿಶ್ಲೇಷಣೆ

ಮಾದರಿ ಪರೀಕ್ಷೆಗಳನ್ನು ನಿಜವಾದ ಪರೀಕ್ಷೆಯ ವೇಳೆಯಲ್ಲಿಯೇ, ಅಂದರೆ ಮಧ್ಯಾಹ್ನ 2ರಿಂದ 5 ಗಂಟೆಯವರೆಗೆ, ಓಎಂಆರ್ ಹಾಳೆಯಲ್ಲಿ ಬರೆಯುವುದು ಉತ್ತಮ. ಊಟದ ನಂತರದ ಆಲಸ್ಯವನ್ನು ಮೀರುವ ರೂಢಿ ಇದರಿಂದ ಬರುತ್ತದೆ. ಸಮಯದ ಒಂದು ವಿಂಗಡಣೆ ಹೀಗಿರಬಹುದು: ಜೀವಶಾಸ್ತ್ರಕ್ಕೆ 50 ನಿಮಿಷ, ರಸಾಯನಶಾಸ್ತ್ರಕ್ಕೆ 50 ನಿಮಿಷ, ಭೌತಶಾಸ್ತ್ರಕ್ಕೆ 65 ನಿಮಿಷ, ಬಿಟ್ಟ ಪ್ರಶ್ನೆಗಳು ಮತ್ತು ಪರಿಶೀಲನೆಗೆ 15 ನಿಮಿಷ.

ಪರೀಕ್ಷೆ ಬರೆದಷ್ಟೇ ಸಮಯವನ್ನು ಅದರ ವಿಶ್ಲೇಷಣೆಗೂ ಮೀಸಲಿಡಬೇಕು. ತಪ್ಪುಗಳನ್ನು ಐದು ಬಗೆಯಾಗಿ ವಿಂಗಡಿಸಬಹುದು: ವಿಷಯ ತಿಳಿಯದ್ದು, ತಿಳಿದೂ ಮರೆತದ್ದು, ಪ್ರಶ್ನೆಯನ್ನು ತಪ್ಪಾಗಿ ಓದಿದ್ದು, ಲೆಕ್ಕದಲ್ಲಿ ತಪ್ಪಿದ್ದು, ಓಎಂಆರ್ ಹಾಳೆಯಲ್ಲಿ ತಪ್ಪಾಗಿ ಗುರುತಿಸಿದ್ದು. ಮೊದಲನೆಯದಕ್ಕೆ ಓದು, ಎರಡನೆಯದಕ್ಕೆ ಪುನರಾವರ್ತನೆ, ಉಳಿದವಕ್ಕೆ ನಿಧಾನ ಮತ್ತು ರೂಢಿ ಪರಿಹಾರ. ಎಲ್ಲ ತಪ್ಪುಗಳಿಗೂ ‘ಇನ್ನಷ್ಟು ಓದು’ ಎಂಬ ಒಂದೇ ಪರಿಹಾರ ಹೇಳಿದರೆ ಶ್ರಮ ವ್ಯರ್ಥವಾಗುತ್ತದೆ.

ಒಂದು ಉದಾಹರಣೆ: 140 ಪ್ರಶ್ನೆಗಳಿಗೆ ಉತ್ತರಿಸಿ 110 ಸರಿ, 30 ತಪ್ಪು ಮಾಡಿದ ವಿದ್ಯಾರ್ಥಿಗೆ 440ರಲ್ಲಿ 30 ಕಳೆದು 410 ಅಂಕ ದೊರೆಯುತ್ತದೆ. ಹೊಸದಾಗಿ ಒಂದು ಪ್ರಶ್ನೆಯನ್ನೂ ಸೇರಿಸದೆ, ತಪ್ಪುಗಳಲ್ಲಿ 15ನ್ನು ಸರಿಪಡಿಸಿಕೊಂಡರೆ ಅಂಕ 485 ಆಗುತ್ತದೆ. ತಪ್ಪು ಉತ್ತರವೊಂದು ಸರಿಯುತ್ತರವಾದಾಗ ಒಟ್ಟು ಅಂಕ 5ರಷ್ಟು ಏರುತ್ತದೆ.

ಋಣಾತ್ಮಕ ಅಂಕದ ಲೆಕ್ಕ

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೆ, ಊಹಿಸಬೇಕೆ ಎಂಬುದನ್ನು ಸಂಭವನೀಯತೆಯ ಲೆಕ್ಕದಿಂದ ನೋಡಬಹುದು.

- ನಾಲ್ಕು ಆಯ್ಕೆಗಳಲ್ಲಿ ಏನೂ ತಿಳಿಯದೆ ಊಹಿಸಿದರೆ: ಪ್ರತಿ ಪ್ರಶ್ನೆಗೆ ಸರಾಸರಿ 0.25 ಅಂಕ ಲಾಭ.
- ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿ ಊಹಿಸಿದರೆ: ಸರಾಸರಿ ಸುಮಾರು 0.67 ಅಂಕ ಲಾಭ.
- ಎರಡು ಆಯ್ಕೆಗಳನ್ನು ಖಚಿತವಾಗಿ ತಳ್ಳಿಹಾಕಿದರೆ: ಸರಾಸರಿ 1.5 ಅಂಕ ಲಾಭ.

ಇವು ಸರಾಸರಿಗಳು ಮಾತ್ರ. ಕುರುಡು ಊಹೆಯ ಲಾಭ ಅತ್ಯಲ್ಪವಾಗಿದ್ದು, ಕೆಲವೇ ಪ್ರಶ್ನೆಗಳಲ್ಲಿ ಅದು ನಷ್ಟವಾಗಿ ಪರಿಣಮಿಸುವ ಸಾಧ್ಯತೆ ಹೆಚ್ಚು. ಅಲ್ಲದೆ ಪ್ರಶ್ನೆಗಳಲ್ಲಿ ದಾರಿ ತಪ್ಪಿಸುವ ಆಯ್ಕೆಗಳನ್ನು ಉದ್ದೇಶಪೂರ್ವಕವಾಗಿ ಇಟ್ಟಿರುವುದರಿಂದ ಅರೆಬರೆ ತಿಳಿದವರ ಊಹೆ ಸರಾಸರಿಗಿಂತ ಕೆಳಗೂ ಇಳಿಯಬಹುದು. ಎರಡು ಆಯ್ಕೆಗಳನ್ನು ಖಚಿತ ಕಾರಣದಿಂದ ತಳ್ಳಿಹಾಕಿದಾಗ ಉತ್ತರಿಸುವುದು ಲಾಭದಾಯಕ. ವಿದ್ಯಾರ್ಥಿಯು ತನ್ನ ಮಾದರಿ ಪರೀಕ್ಷೆಗಳಲ್ಲಿ ಊಹಿಸಿದ ಪ್ರಶ್ನೆಗಳಿಗೆ ಚಿಹ್ನೆ ಹಾಕಿ, ಅವುಗಳಲ್ಲಿ ಎಷ್ಟು ಸರಿಯಾದವು ಎಂದು ಎಣಿಸಿದರೆ ತನ್ನ ಊಹೆ ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ತಿಳಿಯುತ್ತದೆ.

ಎರಡು ವರ್ಷಗಳ ವೇಳಾಪಟ್ಟಿ

ಕರ್ನಾಟಕದ ಶೈಕ್ಷಣಿಕ ವರ್ಷಕ್ಕೆ ಹೊಂದುವ ಒಂದು ಸಾಮಾನ್ಯ ಕ್ರಮ ಹೀಗಿದೆ.

- ಪ್ರಥಮ ಪಿಯುಸಿ, ಜೂನ್‌ನಿಂದ ಸೆಪ್ಟೆಂಬರ್: ಪದಕೋಶ, ಗಣಿತದ ಮೂಲ ಕೌಶಲ, ಕಾಲೇಜಿನ ಪಾಠದೊಂದಿಗೆ ಪುಸ್ತಕದ ಓದು.
- ಪ್ರಥಮ ಪಿಯುಸಿ, ಅಕ್ಟೋಬರ್‌ನಿಂದ ಮಾರ್ಚ್: ಅಧ್ಯಾಯವಾರು ಪ್ರಶ್ನೆಗಳು, ವಾರಕ್ಕೊಂದು ಕಿರು ಪರೀಕ್ಷೆ.
- ಬೇಸಿಗೆ ರಜೆ: ಹನ್ನೊಂದನೆಯ ತರಗತಿಯ ಪೂರ್ಣ ಪುನರಾವರ್ತನೆ. ನೀಟ್‌ನಲ್ಲಿ ಎರಡೂ ವರ್ಷಗಳ ಪಠ್ಯದಿಂದ ಪ್ರಶ್ನೆಗಳು ಬರುವುದರಿಂದ ಈ ರಜೆ ಬಹಳ ಮುಖ್ಯ.
- ದ್ವಿತೀಯ ಪಿಯುಸಿ, ಜೂನ್‌ನಿಂದ ಡಿಸೆಂಬರ್: ಹೊಸ ಪಾಠ, ಜೊತೆಗೆ ವಾರಕ್ಕೆ ಒಂದು ದಿನ ಹಿಂದಿನ ವರ್ಷದ ಪಾಠ.
- ಜನವರಿಯಿಂದ ಮಾರ್ಚ್: ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯ ಸಿದ್ಧತೆ, ವಿವರಣಾತ್ಮಕ ಉತ್ತರಗಳ ಅಭ್ಯಾಸ.
- ಏಪ್ರಿಲ್: ಸಿಇಟಿ, ಪೂರ್ಣ ಪ್ರಮಾಣದ ಮಾದರಿ ಪರೀಕ್ಷೆಗಳು ಹಾಗೂ ತಪ್ಪುಗಳ ನೋಟ್‌ಬುಕ್ಕಿನ ಓದು.
- ಮೇ ಆರಂಭ: ನೀಟ್.

ಪಿಯುಸಿ ಪರೀಕ್ಷೆಯನ್ನು ಕಡೆಗಣಿಸುವುದು ಅಪಾಯಕಾರಿ. ಎಂಬಿಬಿಎಸ್ ಪ್ರವೇಶಕ್ಕೆ ಭೌತ, ರಸಾಯನ ಮತ್ತು ಜೀವಶಾಸ್ತ್ರಗಳಲ್ಲಿ ಒಟ್ಟು ಕನಿಷ್ಠ ಶೇ. 50 ಅಂಕ (ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ಶೇ. 40) ಬೇಕು.

ಮೊದಲ ಪ್ರಯತ್ನದಲ್ಲಿ ಸೀಟು ದೊರೆಯದ ಕೆಲವರು ಒಂದು ವರ್ಷ ಬಿಡುವು ಪಡೆದು ಮತ್ತೆ ಸಿದ್ಧರಾಗುತ್ತಾರೆ. ಇದನ್ನು ‘ಲಾಂಗ್ ಟರ್ಮ್’ ಎಂದು ಕರೆಯುವುದು ರೂಢಿ. ಪ್ರಯತ್ನಗಳ ಸಂಖ್ಯೆಗೆ ಮಿತಿಯಿಲ್ಲ. ಹಿಂದಿನ ವರ್ಷದ ತಪ್ಪುಗಳ ಸ್ವರೂಪ ಸ್ಪಷ್ಟವಾಗಿ ತಿಳಿದಿದ್ದರೆ ಎರಡನೆಯ ವರ್ಷ ಫಲ ಕೊಡುತ್ತದೆ. ಅದೇ ವಿಧಾನವನ್ನು ಪುನಃ ಅನುಸರಿಸಿದರೆ ಫಲಿತಾಂಶವೂ ಬಹುಮಟ್ಟಿಗೆ ಅದೇ ಆಗಿರುತ್ತದೆ.

ಹುಬ್ಬಳ್ಳಿ-ಧಾರವಾಡ ಪ್ರದೇಶ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಉತ್ತರ ಕರ್ನಾಟಕದ ವೈದ್ಯಕೀಯ ಶಿಕ್ಷಣದ ಪ್ರಮುಖ ಕೇಂದ್ರಗಳಲ್ಲಿ ಒಂದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1957ರಲ್ಲಿ ಆರಂಭವಾದ ಕರ್ನಾಟಕ ವೈದ್ಯಕೀಯ ಕಾಲೇಜು ಬಹುಕಾಲ ‘ಕಿಮ್ಸ್’ ಎಂದು ಪರಿಚಿತವಾಗಿದ್ದು, ಈಗ ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಎಂಬ ಹೆಸರು ಹೊಂದಿದೆ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ವೈದ್ಯಕೀಯ ಕಾಲೇಜು 2003ರಲ್ಲಿ ಆರಂಭವಾಯಿತು.

ಎರಡೂ ನಗರಗಳನ್ನು ಜೋಡಿಸುವ ಪಿ.ಬಿ. ರಸ್ತೆಯಲ್ಲಿ ಉಣಕಲ್ ಮತ್ತು ನವನಗರದ ನಡುವೆ ಇರುವ ಬೈರಿದೇವರಕೊಪ್ಪವು ಮಹಾನಗರ ಪಾಲಿಕೆಯ ವ್ಯಾಪ್ತಿಗೆ ಸೇರಿದ ಬಡಾವಣೆ. ತ್ವರಿತ ಸಾರಿಗೆಯ ‘ಚಿಗರಿ’ ಬಸ್ಸುಗಳ ನಿಲ್ದಾಣ ಇಲ್ಲಿರುವುದರಿಂದ ಒಂದು ಕಡೆ ವಿದ್ಯಾನಗರದ ಕಾಲೇಜುಗಳಿಗೂ ಇನ್ನೊಂದು ಕಡೆ ಧಾರವಾಡಕ್ಕೂ ಮನೆಯಿಂದಲೇ ಹೋಗಿಬರಬಹುದು. ಧಾರವಾಡದ ಸಪ್ತಾಪುರ ಭಾಗವು ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳಿಗೆ ಹೆಸರಾಗಿದೆ. ಮನೆಯಿಂದ ಓಡಾಡುವ ವಿದ್ಯಾರ್ಥಿಗೆ ವಸತಿನಿಲಯದ ವೆಚ್ಚ ಉಳಿಯುತ್ತದೆ. ಆದರೆ ಕಾಲೇಜು, ತರಬೇತಿ ಮತ್ತು ಪ್ರಯಾಣದ ನಡುವೆ ಸ್ವಂತ ಓದಿನ ಸಮಯ ಕರಗುವ ಅಪಾಯವಿರುತ್ತದೆ. ಬಸ್ಸಿನ ಅವಧಿಯನ್ನು ಕಾರ್ಡುಗಳ ಪುನರಾವರ್ತನೆಗೆ ಬಳಸಿಕೊಂಡು, ಲೆಕ್ಕ ಬಿಡಿಸುವ ಕೆಲಸವನ್ನು ಮನೆಯ ಶಾಂತ ವೇಳೆಗೆ ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ತರಗತಿಯಲ್ಲಿ ಕೇಳಿದ ಗಂಟೆಗಳಿಗೆ ಕಡಿಮೆಯಿಲ್ಲದಷ್ಟು ಸ್ವಂತ ಅಭ್ಯಾಸದ ಗಂಟೆಗಳು ಇಲ್ಲದಿದ್ದರೆ ಯಾವ ತರಬೇತಿಯೂ ಪೂರ್ಣ ಫಲ ಕೊಡಲಾರದು.

ಪರೀಕ್ಷೆಯ ದಿನ

ಪರೀಕ್ಷಾ ಕೇಂದ್ರದ ಬಾಗಿಲನ್ನು ಮಧ್ಯಾಹ್ನ 1.30ಕ್ಕೆ ಮುಚ್ಚಲಾಗುತ್ತದೆ. ತಿಳಿಬಣ್ಣದ ಅರ್ಧ ತೋಳಿನ ಸರಳ ಉಡುಪು, ಚಪ್ಪಲಿ, ಪ್ರವೇಶ ಪತ್ರ, ಭಾವಚಿತ್ರ ಮತ್ತು ಗುರುತಿನ ಚೀಟಿ ಇವು ನಿಯಮದಂತೆ ಇರಬೇಕು. ಬೂಟು, ಆಭರಣ, ಕೈಗಡಿಯಾರ ಹಾಗೂ ಮೊಬೈಲ್‌ಗೆ ಅವಕಾಶವಿಲ್ಲ. ಕೈಗಡಿಯಾರ ಇಲ್ಲದೆ ಸಮಯ ಅಂದಾಜಿಸುವುದನ್ನು ಮಾದರಿ ಪರೀಕ್ಷೆಗಳಲ್ಲಿಯೇ ರೂಢಿಸಿಕೊಳ್ಳಬೇಕು. ಕೇಂದ್ರದಲ್ಲಿಯೇ ಕೊಡುವ ಪೆನ್ನಿನಿಂದ ಓಎಂಆರ್ ಹಾಳೆಯಲ್ಲಿ ಗುರುತಿಸಿದ ಉತ್ತರವನ್ನು ಬದಲಾಯಿಸಲಾಗದು. ಎಲ್ಲ ಉತ್ತರಗಳನ್ನು ಕೊನೆಯಲ್ಲಿ ಒಟ್ಟಿಗೆ ತುಂಬುವುದಕ್ಕಿಂತ ಪುಟ ಮುಗಿದಂತೆ ತುಂಬುವುದು ಸುರಕ್ಷಿತ.

2019ರ ಮೇ 5ರಂದು ಹುಬ್ಬಳ್ಳಿಯಿಂದ ಬೆಂಗಳೂರಿನ ಮೂಲಕ ಮೈಸೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರೈಲು ಹಲವು ಗಂಟೆ ತಡವಾಗಿ ಬೆಂಗಳೂರು ತಲುಪಿದುದರಿಂದ ಉತ್ತರ ಕರ್ನಾಟಕದ ನೂರಾರು ಅಭ್ಯರ್ಥಿಗಳು ನೀಟ್ ಬರೆಯಲಾಗಲಿಲ್ಲ. ಅವರಿಗೆ ಅದೇ ತಿಂಗಳ 20ರಂದು ಮತ್ತೊಂದು ಅವಕಾಶ ನೀಡಲಾಯಿತು. ಇಂಥ ವಿನಾಯಿತಿ ಪ್ರತಿ ಬಾರಿ ದೊರೆಯುವುದಿಲ್ಲ. ಬೇರೆ ಊರಿನಲ್ಲಿ ಕೇಂದ್ರ ದೊರೆತವರು ಹಿಂದಿನ ದಿನವೇ ತಲುಪಿ, ಕೇಂದ್ರದ ದಾರಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಆರೋಗ್ಯ ಮತ್ತು ಮನಃಸ್ಥಿತಿ

ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಅವಶ್ಯ. ರಾತ್ರಿ ನಿದ್ರೆಯನ್ನು ಕಡಿತಗೊಳಿಸಿ ಓದಿದ ಗಂಟೆಗಳ ಲಾಭ ಮರುದಿನದ ಏಕಾಗ್ರತೆಯ ಕೊರತೆಯಲ್ಲಿ ಕಳೆದುಹೋಗುತ್ತದೆ. ದಿನಕ್ಕೆ ಏಳೆಂಟು ಗಂಟೆಗಳ ನಿದ್ರೆ, ನಡಿಗೆ ಅಥವಾ ಆಟ, ವಾರಕ್ಕೆ ಅರ್ಧ ದಿನದ ವಿರಾಮ ದೀರ್ಘ ಸಿದ್ಧತೆಗೆ ಪೂರಕ.

ಪರೀಕ್ಷೆಯ ಒತ್ತಡ ಕೆಲವು ವಿದ್ಯಾರ್ಥಿಗಳಲ್ಲಿ ತೀವ್ರ ಆತಂಕ ಮತ್ತು ಖಿನ್ನತೆಗೆ ಕಾರಣವಾಗುತ್ತದೆ. ನಿದ್ರೆ ಬಾರದಿರುವುದು, ಊಟದಲ್ಲಿ ಅನಾಸಕ್ತಿ, ಮಾತು ಕಡಿಮೆಯಾಗುವುದು, ಬದುಕಿನ ಬಗ್ಗೆ ನಿರಾಶೆಯ ಮಾತು ಕಂಡುಬಂದರೆ ಪಾಲಕರು ಅದನ್ನು ಸೋಮಾರಿತನವೆಂದು ಭಾವಿಸದೆ ವೈದ್ಯಕೀಯ ನೆರವು ಪಡೆಯಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನಗಳ ಸಂಸ್ಥೆ (ಡಿಮ್ಹಾನ್ಸ್) ಇದೆ.

ಅರ್ಹತೆ, ರ್‍ಯಾಂಕ್ ಮತ್ತು ಸೀಟು

ನೀಟ್‌ನಲ್ಲಿ ಅರ್ಹತೆ ಪಡೆಯುವುದು ಮತ್ತು ಸೀಟು ಪಡೆಯುವುದು ಬೇರೆ ಬೇರೆ. ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರೆ ಹಿಂದುಳಿದ ವರ್ಗಗಳಿಗೆ 40ನೆಯ ಪರ್ಸೆಂಟೈಲ್ ಅರ್ಹತೆಯ ಮಿತಿ. ಪರ್ಸೆಂಟೈಲ್ ಎಂಬುದು ಶೇಕಡಾವಾರು ಅಂಕವಲ್ಲ. ತನಗಿಂತ ಹಿಂದೆ ಎಷ್ಟು ಭಾಗ ಅಭ್ಯರ್ಥಿಗಳಿದ್ದಾರೆ ಎಂಬುದರ ಸೂಚಕ. ಆದ್ದರಿಂದ ಸಾಮಾನ್ಯ ವರ್ಗದ ಅರ್ಹತಾ ಅಂಕ 2022ರಲ್ಲಿ 117, 2023ರಲ್ಲಿ 137, 2024ರಲ್ಲಿ 162, 2025ರಲ್ಲಿ 144 ಹೀಗೆ ಬದಲಾಗುತ್ತ ಬಂದಿದೆ. 2025ರಲ್ಲಿ ಪರೀಕ್ಷೆ ಬರೆದ ಸುಮಾರು 22 ಲಕ್ಷ ಅಭ್ಯರ್ಥಿಗಳಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹತೆ ಪಡೆದರು. ದೇಶದ ಎಂಬಿಬಿಎಸ್ ಸೀಟುಗಳು ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ. ಹಿಂದಿನ ವರ್ಷದ ಅಂಕಕ್ಕಿಂತ ರ್‍ಯಾಂಕನ್ನು ಹೋಲಿಸುವುದು ಸೂಕ್ತ.

ಸರ್ಕಾರಿ ಕಾಲೇಜುಗಳ ಶೇ. 15 ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಸೇರುತ್ತವೆ, ಉಳಿದ ಶೇ. 85ನ್ನು ರಾಜ್ಯದ ಪರವಾಗಿ ಕೆಇಎ ಹಂಚುತ್ತದೆ. ರಾಜ್ಯದ ಹಂಚಿಕೆಯಲ್ಲಿ 1ರಿಂದ 10ನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮತ್ತು ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇದೆ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಧಾರವಾಡ ಜಿಲ್ಲೆ ಅದರಲ್ಲಿ ಸೇರಿಲ್ಲ. ಈ ಸೌಲಭ್ಯಗಳನ್ನು ಕೆಇಎ ಅರ್ಜಿಯಲ್ಲಿ ನಮೂದಿಸಿ ಶಾಲೆಯ ವ್ಯಾಸಂಗ ಪ್ರಮಾಣಪತ್ರದಿಂದ ದೃಢಪಡಿಸಬೇಕಾದುದರಿಂದ ದಾಖಲೆಗಳನ್ನು ಪರೀಕ್ಷೆಗೆ ಮೊದಲೇ ಸಿದ್ಧಪಡಿಸಿಕೊಳ್ಳುವುದು ಅನುಕೂಲಕರ.

ನೀಟ್ ಬರೆಯುವವರು ಸಿಇಟಿಯನ್ನೂ ಬರೆದಿದ್ದರೆ ಕೃಷಿ, ಔಷಧ ವಿಜ್ಞಾನ ಮೊದಲಾದ ಕೋರ್ಸುಗಳ ದಾರಿ ತೆರೆದಿರುತ್ತದೆ. ಧಾರವಾಡದಲ್ಲಿಯೇ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ.

ಟೀಕೆ ಮತ್ತು ವಿವಾದ

ಒಂದೇ ರಾಷ್ಟ್ರೀಯ ಪರೀಕ್ಷೆಯಿಂದ ಹಲವು ಪ್ರವೇಶ ಪರೀಕ್ಷೆಗಳ ಹೊರೆ ತಗ್ಗಿತು ಎಂಬುದು ನೀಟ್ ಪರವಾದ ವಾದ. ದುಬಾರಿ ತರಬೇತಿ ಪಡೆಯಬಲ್ಲ ನಗರದ, ಇಂಗ್ಲಿಷ್ ಮಾಧ್ಯಮದ ವಿದ್ಯಾರ್ಥಿಗಳಿಗೆ ಇದು ಅನುಕೂಲಕರವಾಗಿದೆ ಎಂಬುದು ವಿರೋಧದ ವಾದ. 2024ರ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಸೋರಿಕೆಯ ಆರೋಪಗಳು ಕೇಳಿಬಂದವು. 1,563 ಅಭ್ಯರ್ಥಿಗಳಿಗೆ ನೀಡಿದ್ದ ಕೃಪಾಂಕಗಳನ್ನು ಹಿಂಪಡೆದು ಅವರಿಗೆ ಜೂನ್ 23ರಂದು ಮರುಪರೀಕ್ಷೆ ನಡೆಸಲಾಯಿತು. ಇಡೀ ಪರೀಕ್ಷೆಯನ್ನು ರದ್ದುಪಡಿಸಲು ಸರ್ವೋಚ್ಚ ನ್ಯಾಯಾಲಯ ಜುಲೈ 23ರಂದು ನಿರಾಕರಿಸಿತು. ಅದೇ ತಿಂಗಳಲ್ಲಿ ಕರ್ನಾಟಕ ವಿಧಾನಮಂಡಲವು ನೀಟ್ ವಿರುದ್ಧ ನಿರ್ಣಯ ಅಂಗೀಕರಿಸಿತು. ಈ ಬೆಳವಣಿಗೆಗಳ ಬಳಿಕವೂ ಕರ್ನಾಟಕದ ವೈದ್ಯಕೀಯ ಸೀಟುಗಳ ಹಂಚಿಕೆ ನೀಟ್ ರ್‍ಯಾಂಕಿನ ಆಧಾರದ ಮೇಲೆಯೇ ಮುಂದುವರಿಯಿತು.